ಹದಿಮೂರರ ಹೊಸ್ತಿಲಲ್ಲಿ

ಮಕ್ಕಳನ್ನು ಮೊದಲ ಐದು ವರ್ಷ ಮುದ್ದಿಸಬೇಕು, ಮುಂದಿನ ಹತ್ತು ವರ್ಷ ದಂಡಿಸಿ ತಿದ್ದಬೇಕು, ಹದಿನಾರಕ್ಕೆ ಕಾಲಿಡುತ್ತಲೇ ಗೆಳೆಯರಂತೆ ಕಾಣಬೇಕು ಎಂದು ಹಳೆಯ ಸುಭಾಷಿತಕಾರನು ಲೆಕ್ಕ ಹಾಕಿಟ್ಟಿದ್ದಾನೆ. ಲೆಕ್ಕವೇನೋ ಚೊಕ್ಕಟವಾಗಿದೆ. ಆದರೆ ಹದಿಮೂರು ವರ್ಷದ ಮಗಳಿರುವ ಮನೆಯಲ್ಲಿ ಆತನು ಒಂದು ವಾರ ತಂಗಿದ್ದರೆ ಆ ಶ್ಲೋಕಕ್ಕೆ ಇನ್ನೊಂದು ಪಾದವನ್ನು ಕೂಡಿಸದೆ ಹೋಗುತ್ತಿರಲಿಲ್ಲ. ಏಕೆಂದರೆ ಈ ವಯಸ್ಸಿನಲ್ಲಿ ಮುದ್ದು, ಶಿಕ್ಷೆ, ಗೆಳೆತನ ಮೂರೂ ಒಂದೇ ದಿನದಲ್ಲಿ ಬೇಕಾಗುತ್ತವೆ. ಯಾವ ಗಳಿಗೆಗೆ ಯಾವುದು ಎಂಬುದನ್ನು ಮಾತ್ರ ಯಾವ ಪಂಚಾಂಗವೂ ಹೇಳಲಾರದು.

ನಮ್ಮ ಹುಡುಗಿ ಈಗ ಎಂಟನೆಯ ತರಗತಿ. ಬೆಳಿಗ್ಗೆ ತಾಯಿಯ ಸೀರೆಯನ್ನು ಹೆಗಲ ಮೇಲೆ ಹೊದ್ದು ಕನ್ನಡಿಯ ಮುಂದೆ ಪ್ರೌಢೆಯಾಗಿ ನಿಲ್ಲುತ್ತಾಳೆ. ಸಂಜೆ ಮಾವಿನಕಾಯಿಯ ಹೋಳಿಗಾಗಿ ತಮ್ಮನೊಡನೆ ಕಾದಾಡುತ್ತಾಳೆ. ಪೇಟೆಯಲ್ಲಿ ನನ್ನಿಂದ ಹತ್ತು ಮಾರು ಹಿಂದೆ ನಡೆಯುವವಳು, ರಾತ್ರಿ ಗುಡುಗಿದರೆ ಸದ್ದಿಲ್ಲದೆ ಬಂದು ತಾಯಿಯ ಮಗ್ಗುಲಲ್ಲಿ ಮಲಗಿರುತ್ತಾಳೆ. “ಶಾಲೆಯಲ್ಲಿ ಏನಮ್ಮಾ ವಿಶೇಷ?” ಎಂದರೆ, “ಏನೂ ಇಲ್ಲ ಅಪ್ಪಾ” ಎಂಬ ಒಂದೇ ಉತ್ತರ. ಕೆಳದಿಯೊಬ್ಬಳು ಬಂದಳೋ, ಆ ‘ಏನೂ ಇಲ್ಲ’ದ ಒಳಗಿನಿಂದ ಎರಡು ಗಂಟೆಯ ಪುರಾಣ ಹೊರಡುತ್ತದೆ! ನಿಷೇಧಪದದ ಈ ಅರ್ಥವ್ಯಾಪ್ತಿ ಕೇಶಿರಾಜನ ಗಮನಕ್ಕೂ ಬಂದಿರಲಾರದು.

ಬೆಳಿಗ್ಗೆ ಅವಳನ್ನು ಎಬ್ಬಿಸುವುದೊಂದು ಸಾಹಸ. ಹಿರಿಯರು ಇದನ್ನು ಸೋಮಾರಿತನವೆಂದರು. ಹರೆಯವು ಕಾಲಿಡುವಾಗ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ರಸವು ರಾತ್ರಿ ತಡವಾಗಿ ಒಸರತೊಡಗುತ್ತದೆಂದು ಈಗಿನ ಶರೀರಶಾಸ್ತ್ರ ಹೇಳುತ್ತದೆ. ನಿದ್ದೆ ಬರುವುದು ತಡ. ಬೇಕಾದದ್ದು 8ರಿಂದ 10 ಗಂಟೆ. ಶಾಲೆಯ ಗಂಟೆಯಾದರೋ ಕಾಯುವುದಿಲ್ಲ. ಮೈಯ ಗಡಿಯಾರಕ್ಕೂ ಗೋಡೆಯ ಗಡಿಯಾರಕ್ಕೂ ನಡೆದ ಈ ಜಗಳದಲ್ಲಿ ಮಗುವನ್ನು ಬೈದು ಫಲವೇನು?

ಈಚೆಗೆ ಒಂದು ಸಂಜೆ, ಐದು ವರ್ಷದಿಂದ ಕಲಿಯುತ್ತಿದ್ದ ಸಂಗೀತವನ್ನು ಬಿಟ್ಟುಬಿಡುತ್ತೇನೆಂದಳು. ತಾಯಿಯ ಕಣ್ಣು ತುಂಬಿತು. ತಪ್ಪದೆ ಪಾಠಕ್ಕೆ ಹೋಗುವ ನೆರೆಮನೆಯ ಹುಡುಗಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ಆ ವಾರ ತರಗತಿಯಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಬಭ್ರುವಾಹನನ ಕಥೆ ನಡೆಯುತ್ತಿತ್ತು. ಕಾಣಿಕೆಗಳೊಡನೆ ಬಂದು ಕಾಲಿಗೆರಗಿದ ಮಗನನ್ನು ಅರ್ಜುನನು ಅಭಿಮನ್ಯುವಿನೊಡನೆ ತೂಗಿ ಹೀಗಳೆಯುತ್ತಾನೆ. ವಿನಯದಿಂದ ಬಾಗಿದ್ದವನು ಬಿಲ್ಲೆತ್ತುತ್ತಾನೆ. ತಂದೆಯ ತಲೆಯೇ ಉರುಳುತ್ತದೆ. ಪಾರ್ಥನನ್ನು ಬದುಕಿಸಲು ಪಾತಾಳದಿಂದ ಸಂಜೀವಕ ಮಣಿ ಬಂದಿತು. ನಮ್ಮ ನಿಮ್ಮ ಮನೆಗಳಿಗೆ ಅಂಥ ಮಣಿ ಎಲ್ಲಿಂದ ಬರಬೇಕು?

ಬಂದ ಹೆಸರನ್ನು ನುಂಗಿಕೊಂಡು “ಏಕಮ್ಮಾ?” ಎಂದಷ್ಟೇ ಕೇಳಿದೆ. ಬಹಳ ಹೊತ್ತು ಮೌನ. ಆಮೇಲೆ ಕಿಟಕಿಯ ಕಡೆ ಮುಖಮಾಡಿ, “ಹಾಡು ಬೇಡವಾಗಿಲ್ಲ ಅಪ್ಪಾ. ಹಾಡುವಾಗ ಎಲ್ಲರೂ ನನ್ನನ್ನೇ ನೋಡುತ್ತಾರಲ್ಲ, ಅದು ಬೇಡ” ಎಂದಳು. ನಿನ್ನೆ ಮೊನ್ನೆಯವರೆಗೆ ನಾಲ್ಕು ಜನ ಕಂಡರೆ ಕೇಳದೆಯೇ ಹಾಡುತ್ತಿದ್ದ ಮಗು! ತನ್ನನ್ನು ಜಗತ್ತು ನೋಡುತ್ತಿದೆಯೆಂಬ ಅರಿವೇ ಬಾಲ್ಯದ ಬೇಲಿಯನ್ನು ದಾಟಿದ ಗುರುತು. ಆ ಅರಿವಿನ ಜೊತೆಯಲ್ಲಿ ಅದರ ಅಳುಕೂ ಬರುತ್ತದೆ. ಅಳುಕಿರುವಲ್ಲಿ ಆಜ್ಞೆ ನಡೆಯದು. ತುಸು ಮರೆ ಬೇಕು, ತುಸು ಕಾಲ ಬೇಕು.

ಪಾಠ ಉಳಿಯಿತು; ನವರಾತ್ರಿಯ ಹಾಡುಗಾರಿಕೆ ಮಾತ್ರ ಈ ವರ್ಷಕ್ಕೆ ಬಿಟ್ಟಿತು. ಈಗ ಅವಳು ಕೋಣೆಯ ಬಾಗಿಲು ಮುಚ್ಚಿಕೊಂಡು ಹಾಡುತ್ತಾಳೆ. ನಾವಿಬ್ಬರೂ ಪಡಸಾಲೆಯಲ್ಲಿ ಕುಳಿತು, ಕೇಳದವರಂತೆ ಕೇಳುತ್ತೇವೆ.