ಪಲ್ಟನ್ನಿನಿಂದ ಕಂಪನಿಯವರೆಗೆ: ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬು ಬೆಳೆದ ಬಗೆ

2013ರ ಜುಲೈ 20ರಂದು ಜೆಎಸ್‌ಡಬ್ಲ್ಯು ಎಂಬ ಉಕ್ಕಿನ ಉದ್ಯಮ ಸಮೂಹವು ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಫುಟ್‌ಬಾಲ್ ಕ್ಲಬ್ಬನ್ನು ಅಧಿಕೃತವಾಗಿ ಆರಂಭಿಸಿತು. ಕರ್ನಾಟಕದಲ್ಲಿ ಈ ಆಟದ ಚರಿತ್ರೆ ಅಂದಿನಿಂದಲೇ ಶುರುವಾಯಿತೆಂದು ಹೊಸ ಪೀಳಿಗೆಯ ನೋಡುಗರು ತಿಳಿದುಕೊಂಡಿದ್ದರೆ ಅದು ಸಹಜವೇ. ಆದರೆ ಬೆಂಗಳೂರಿನ ತಂಡವೊಂದು ಮುಂಬೈಗೆ ಹೋಗಿ ಅಖಿಲ ಭಾರತ ಮಟ್ಟದ ಕಪ್ಪು ಗೆದ್ದು ಆ ಹೊತ್ತಿಗೆ 76 ವರ್ಷಗಳಾಗಿದ್ದವು. ವೃತ್ತಿಪರ ಕ್ಲಬ್ಬು ಎಂದರೆ, ಬೇರೆ ಯಾವ ಕೆಲಸವನ್ನೂ ಹೇಳದೆ, ಆಡುವುದಕ್ಕಾಗಿಯೇ ಆಟಗಾರನಿಗೆ ಕರಾರಿನ ಮೇಲೆ ಸಂಬಳ ಕೊಡುವ ಸಂಸ್ಥೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯು ನಟರನ್ನು ಸಾಕಿಕೊಂಡು ಊರೂರಿಗೆ ಕರೆದೊಯ್ದ ಬಗೆಯನ್ನು ಬಲ್ಲ ತುಮಕೂರು ಸೀಮೆಯ ಓದುಗರಿಗೆ ಈ ಏರ್ಪಾಡು ಅಪರಿಚಿತವಲ್ಲ. ಬೆಂಗಳೂರಿನಲ್ಲಿ ಆಟಗಾರನ ಹೊಟ್ಟೆಪಾಡಿನ ಹೊಣೆ ಹೊತ್ತವರು ಕಾಲಕಾಲಕ್ಕೆ ಬದಲಾಗುತ್ತ ಬಂದರು, ಅವರ ಜೊತೆಗೆ ಕ್ಲಬ್ಬು ಎಂಬುದರ ರೂಪವೂ ಬದಲಾಗುತ್ತ ಬಂದಿತು.

ಆಟ ಬಂದದ್ದು ಪಲ್ಟನ್ನಿನ ಜೊತೆಯಲ್ಲಿ. 1809ರ ಸುಮಾರಿಗೆ ಬ್ರಿಟಿಷರು ಶ್ರೀರಂಗಪಟ್ಟಣದ ಹವೆ ಒಗ್ಗದೆ ತಮ್ಮ ಸೈನ್ಯವನ್ನು ಹಲಸೂರಿನ ಬಳಿಗೆ ಸಾಗಿಸಿ ದಂಡುಪ್ರದೇಶವನ್ನು ಕಟ್ಟಿದರು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದಾಗಲೂ ಈ ಭಾಗವನ್ನು ಮಾತ್ರ ತಮ್ಮ ಆಡಳಿತದಲ್ಲೇ ಉಳಿಸಿಕೊಂಡು, 1947ರವರೆಗೆ ಬಿಟ್ಟುಕೊಡಲಿಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೈನ್ಯಕ್ಕೆ ಕುದುರೆಗಳನ್ನು ಒದಗಿಸಿದ ಕುಣಿಗಲ್ಲಿನ ಕುದುರೆ ಫಾರಂ ಮುಂದೆ ಬ್ರಿಟಿಷರ ಸೈನ್ಯಕ್ಕೂ ಅದನ್ನೇ ಮಾಡಿತಾದರೂ, ಆ ಸೈನ್ಯದ ಸಿಪಾಯಿಗಳು ಸಂಜೆಯ ಹೊತ್ತು ಒದೆಯುತ್ತಿದ್ದ ಚೆಂಡು ಮಾತ್ರ ಕುಣಿಗಲ್ಲಿಗಾಗಲಿ ಹುಲಿಯೂರುದುರ್ಗಕ್ಕಾಗಲಿ ಬಂದು ಬೇರೂರಲಿಲ್ಲ. ಕಬ್ಬನ್ ಪಾರ್ಕಿನ ಪಶ್ಚಿಮಕ್ಕೆ, ಅಂದರೆ ಪೇಟೆಯ ಕಡೆಗೆ, ಗರಡಿಮನೆ ಮತ್ತು ಕುಸ್ತಿಗೆ ಮನ್ನಣೆಯಿದ್ದರೆ, ಪೂರ್ವಕ್ಕೆ ದಂಡಿನ ಕಡೆಯಲ್ಲಿ, ಮದ್ರಾಸು ಪಡೆಗಳ ಬೆನ್ನಿಗೆ ಬಂದು ನೆಲೆಸಿದ ತಮಿಳು ಕುಟುಂಬಗಳು, ಮುಸ್ಲಿಮರು ಮತ್ತು ಕ್ರೈಸ್ತರು ಇದ್ದ ಹಲಸೂರು, ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಫುಟ್‌ಬಾಲ್ ಬೀದಿಯ ಆಟವಾಯಿತು. ಕರ್ನಾಟಕದ ಒಳನಾಡಿನಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳು ಹಬ್ಬಿದಷ್ಟು ಫುಟ್‌ಬಾಲ್ ಹಬ್ಬದಿರುವುದಕ್ಕೆ ಜನರ ಅಭಿರುಚಿಗಿಂತ ಈ ಹಳೆಯ ಗಡಿಗೆರೆಯೇ ಹೆಚ್ಚಿನ ಕಾರಣವೆಂದು ತೋರುತ್ತದೆ.

ಈ ಬೀದಿಗಳಿಂದ ಎದ್ದುಬಂದ ಕ್ಲಬ್ಬುಗಳಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬುದು ಮೊದಲು ನೆನೆಯಬೇಕಾದದ್ದು. ಮುಂಬೈಯಲ್ಲಿ 1891ರಿಂದ ನಡೆದುಬಂದಿದ್ದ ರೋವರ್ಸ್ ಕಪ್ ಎಂಬ ಪಂದ್ಯಾವಳಿಯನ್ನು 45 ವರ್ಷಗಳ ಕಾಲ ಬಿಳಿಯರ ಸೇನಾ ತಂಡಗಳೇ ಗೆಲ್ಲುತ್ತಿದ್ದವು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಫೈನಲ್‌ವರೆಗೆ ಬಂದರೂ ಸೇನೆಯ ತಂಡದ ಎದುರು ಸೋತಿತು. 1937ರಲ್ಲಿ ಬೆಂಗಳೂರಿನವರು, ಆಗ ದೇಶದಲ್ಲಿ ಎದುರಿಲ್ಲವೆನಿಸಿದ್ದ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0 ಗೋಲಿನಿಂದ ಸೋಲಿಸಿ, ಈ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿಕೊಂಡರು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಲ್ಟನ್ನನ್ನು 3-2ರಿಂದ ಮಣಿಸಿ ಕಪ್ಪನ್ನು ಉಳಿಸಿಕೊಂಡರು. ಆಟ ಕಲಿಸಿದ ಪಲ್ಟನ್ನುಗಳ ಮೇಲೆಯೇ ದಂಡುಪ್ರದೇಶದ ಹುಡುಗರು ಗೆದ್ದದ್ದರಿಂದ ಈ ಎರಡನೆಯ ಗೆಲುವಿಗೆ ಮೊದಲನೆಯದಕ್ಕಿಂತ ಹೆಚ್ಚಿನ ತೂಕವಿದೆ. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಸಲವೂ ಇದೇ ತಂಡ ರೋವರ್ಸ್ ಕಪ್ ತಂದಿತು.

ಆದರೆ ಬೀದಿಯ ಕ್ಲಬ್ಬಿನ ಬಳಿ ಅಭಿಮಾನವಿತ್ತೇ ಹೊರತು ಹಣವಿರಲಿಲ್ಲ. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳು ಹೆಸರಿಗೆ ಹವ್ಯಾಸಿಗಳಾಗಿದ್ದರೂ ಹೊರಗಿನಿಂದ ಬಂದ ಒಳ್ಳೆಯ ಆಟಗಾರರಿಗೆ ವಸತಿ, ಕೆಲಸ, ಕೈಖರ್ಚುಗಳನ್ನು ಒದಗಿಸಬಲ್ಲವಾಗಿದ್ದವು. ಹೀಗಾಗಿ 1930ರ ದಶಕದಲ್ಲೇ ಲಕ್ಷ್ಮೀನಾರಾಯಣ, ಮುರುಗೇಶ್ ಮುಂತಾದವರು ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಆಮೇಲೆ ಅದೇ ಕ್ಲಬ್ಬಿನಲ್ಲಿ ಪಂಚಪಾಂಡವರೆಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಅಹಮದ್ ಖಾನ್ ಮತ್ತು ಕೆ.ಪಿ. ಧನರಾಜ್ ಬೆಂಗಳೂರಿನವರು. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಆಡಿದ ಮೊದಲ ಎರಡು ಫುಟ್‌ಬಾಲ್ ಪಂದ್ಯಗಳ ವಿವರ ನೋಡಿದರೆ ಈ ವಲಸೆಯ ಬೆಲೆ ತಿಳಿಯುತ್ತದೆ. 1948ರ ಜುಲೈ 31ರಂದು ಲಂಡನ್ ಬಳಿಯ ಇಲ್ಫರ್ಡ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲೇ ಇದ್ದ ಭಾರತ ತಂಡವು ಫ್ರಾನ್ಸನ್ನು ಎದುರಿಸಿತು. ಮೊದಲರ್ಧದಲ್ಲಿ ಫ್ರಾನ್ಸ್ ಒಂದು ಗೋಲು ಹೊಡೆಯಿತು, 70ನೇ ನಿಮಿಷದಲ್ಲಿ ಬೆಂಗಳೂರಿನ ಎಸ್. ರಾಮನ್ ಅದನ್ನು ಸರಿಗಟ್ಟಿದರು, ದಂಡದ ಹೊಡೆತವಾದ ಪೆನಾಲ್ಟಿಯನ್ನು ಭಾರತ ಎರಡೆರಡು ಸಲ ಕೈಚೆಲ್ಲಿತು, ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ನಾಲ್ಕು ವರ್ಷಗಳ ಬಳಿಕ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 10-1ರಿಂದ ನೆಲಕಚ್ಚಿದಾಗ ಆ ಒಂದು ಗೋಲು ಅಹಮದ್ ಖಾನ್ ಅವರದು. ಎರಡು ಒಲಿಂಪಿಕ್ಸ್‌ಗಳಲ್ಲಿ ದೇಶ ಗಳಿಸಿದ ಎರಡೇ ಗೋಲುಗಳು ಬೆಂಗಳೂರಿನ ಕಾಲುಗಳಿಂದ ಬಂದಿದ್ದವು. ಹೆಲ್ಸಿಂಕಿಯ ಸೋಲಿನ ತರುವಾಯ ಬೂಟು ಹಾಕಿಕೊಂಡೇ ಆಡಬೇಕೆಂಬ ನಿಯಮ ಭಾರತದಲ್ಲಿ ಬಂದಿತು.

ಎರಡನೆಯ ಘಟ್ಟದಲ್ಲಿ ಆಟಗಾರನ ಹೊಣೆ ಹೊತ್ತವು ಸರ್ಕಾರಿ ಕಾರ್ಖಾನೆಗಳು. 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಅವರು ಕಟ್ಟಿದ, ಮುಂದೆ ಎಚ್‌ಎಎಲ್ ಎಂದು ಹೆಸರಾದ ವಿಮಾನ ಕಾರ್ಖಾನೆ ಮತ್ತು 1948ರಲ್ಲಿ ಬಂದ ದೂರವಾಣಿ ಕಾರ್ಖಾನೆ ಐಟಿಐ, ಇವೆರಡೂ ದಂಡುಪ್ರದೇಶದ ಪೂರ್ವಕ್ಕೇ ಇದ್ದುದರಿಂದ ಗೌತಮಪುರ, ಆಸ್ಟಿನ್ ಟೌನಿನ ಹುಡುಗರಿಗೆ ಒಳ್ಳೆಯ ಆಟವೆಂಬುದು ಕಾಯಂ ನೌಕರಿಯ ಅರ್ಜಿಯೇ ಆಯಿತು. ಕ್ರೀಡಾ ಕೋಟಾ ಎಂದು ಕರೆಯುವ ಈ ಪದ್ಧತಿಯಲ್ಲಿ ಆಟಗಾರನನ್ನು ಗುಮಾಸ್ತ ಅಥವಾ ಕಾರ್ಮಿಕನೆಂದು ನೇಮಿಸಿಕೊಂಡು, ಅಭ್ಯಾಸಕ್ಕೆ ಡ್ಯೂಟಿಯಲ್ಲಿ ರಿಯಾಯಿತಿ ಕೊಟ್ಟು, ಪಂದ್ಯಾವಳಿಗೆ ವಿಶೇಷ ರಜೆಯನ್ನೂ ಮಂಜೂರು ಮಾಡುತ್ತಿದ್ದರು. ಆಟ ಮುಗಿದ ಮೇಲೂ ನೌಕರಿ ಉಳಿಯುತ್ತಿತ್ತು, ನಿವೃತ್ತಿಯ ಭದ್ರತೆಯೂ ಇರುತ್ತಿತ್ತು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68, 1968-69ರಲ್ಲಿ ಗೆದ್ದು, ನಾಲ್ಕೂ ಸಲ ಫೈನಲ್‌ನಲ್ಲಿ ಬಂಗಾಳವನ್ನೇ ಸೋಲಿಸಿತು. ಅಶೋಕನಗರದಲ್ಲಿ ಫುಟ್‌ಬಾಲ್‌ಗೆಂದೇ ಒಂದು ಕ್ರೀಡಾಂಗಣ ಎದ್ದದ್ದೂ ಈ ಗೆಲುವುಗಳ ಆಸುಪಾಸಿನಲ್ಲೇ.

ಕಾರ್ಖಾನೆಯ ಗೇಟಿನೊಳಗೆ ಕ್ಲಬ್ಬು ಬೆಳೆಯುವ ಈ ಪರಿ ಬೆಂಗಳೂರಿಗೆ ಮಾತ್ರ ಸೀಮಿತವಲ್ಲ, ಇದರ ಪೂರ್ಣ ರೂಪವನ್ನು ರಷ್ಯದಲ್ಲಿ ಕಾಣಬಹುದು. ಮಾಸ್ಕೊದ ಪೂರ್ವಕ್ಕಿರುವ ಒರೆಖೊವೊ-ಜುಯೆವೊ ಎಂಬ ಊರಿನ ಮೊರೊಜೊವ್ ಬಟ್ಟೆಗಿರಣಿಯಲ್ಲಿ ಇಂಗ್ಲಿಷ್ ವ್ಯವಸ್ಥಾಪಕ ಹ್ಯಾರಿ ಚಾರ್ನಾಕ್ ಕಟ್ಟಿದ ತಂಡವು 1910ರಿಂದ 1913ರವರೆಗೆ ಮಾಸ್ಕೊ ಲೀಗ್ ಗೆದ್ದಿತು. ಸೋವಿಯತ್ ಆಡಳಿತ ಬಂದ ಮೇಲೆ ಸೈನ್ಯಕ್ಕೆ ಸಿಎಸ್‌ಕೆಎ, ಪೊಲೀಸರಿಗೆ ಡೈನಮೊ, ರೈಲ್ವೆಗೆ ಲೊಕೊಮೊಟಿವ್, ಮೋಟಾರು ಕಾರ್ಖಾನೆಗೆ ಟಾರ್ಪಿಡೊ ಎಂಬಂತೆ ಒಂದೊಂದು ಇಲಾಖೆಗೂ ಒಂದೊಂದು ಕ್ಲಬ್ಬು ಒದಗಿತು. ಆಟಗಾರರೆಲ್ಲ ಕಾಗದದ ಮೇಲೆ ಕಾರ್ಮಿಕರು ಅಥವಾ ಸೇನಾಧಿಕಾರಿಗಳು, ವಾಸ್ತವದಲ್ಲಿ ಪೂರ್ಣಾವಧಿ ಆಟಗಾರರು. ಎರಡನೇ ಮಹಾಯುದ್ಧದಲ್ಲಿ ವಿಮಾನ ಕಾರ್ಖಾನೆಗಳನ್ನು ಪೂರ್ವಕ್ಕೆ ಸಾಗಿಸಿದಾಗ, ಇಂದು ಸಮಾರಾ ಎನ್ನುವ ಕುಯ್ಬಿಶೆವ್ ನಗರದಲ್ಲಿ 1942ರಲ್ಲಿ ಆ ಕಾರ್ಮಿಕರದೇ ಕ್ರಿಲ್ಯಾ ಸೊವೆಟೊವ್ ತಂಡ ಹುಟ್ಟಿತು. ಬೆಂಗಳೂರಿನಂತೆಯೇ ಅದೂ ಯುದ್ಧಕಾಲ ಬೆಳೆಸಿದ ವಿಮಾನದ ಊರು.

ಎರಡೂ ಕಡೆ ಈ ಆಸರೆ ಕುಸಿದದ್ದು 1991ರ ನಂತರ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಜಿಲ್ ಮೋಟಾರು ಕಾರ್ಖಾನೆ 1996ರಲ್ಲಿ ತನ್ನ ಟಾರ್ಪಿಡೊ ಕ್ಲಬ್ಬನ್ನೇ ಮಾರಿಬಿಟ್ಟಿತು. ಭಾರತದಲ್ಲಿ ಆರ್ಥಿಕ ಉದಾರೀಕರಣದ ಬಳಿಕ ಸಾರ್ವಜನಿಕ ಉದ್ದಿಮೆಗಳಲ್ಲಿ ಹೊಸ ನೇಮಕಾತಿ ಇಳಿಮುಖವಾದಂತೆ ಕ್ರೀಡಾ ಕೋಟಾವೂ ಬತ್ತಿತು. ಇದೇ ಕಾಲದ ಒಂದು ವಿಪರ್ಯಾಸವನ್ನು ಕುಣಿಗಲ್ ಸೀಮೆಯವರು ಗಮನಿಸಬಹುದು: 1992ರಲ್ಲಿ ಕುಣಿಗಲ್ಲಿನ ಕುದುರೆ ಫಾರಂ ಅನ್ನು ಗುತ್ತಿಗೆಗೆ ಪಡೆದ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿಯಿದ್ದ ಯುಬಿ ಸಮೂಹವು 1998ರಲ್ಲಿ ಫುಟ್‌ಬಾಲ್‌ಗೆ ಹಣ ಹೂಡಲು ಹೊರಟಾಗ, ಆರಿಸಿಕೊಂಡದ್ದು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್‌ಗಳನ್ನು. ಹಿಂದೆ ಆಟಗಾರರು ಹೋದ ದಾರಿಯಲ್ಲೇ ಈಗ ಬಂಡವಾಳವೂ ಹೋಯಿತು. ಎಚ್‌ಎಎಲ್ ತಂಡವು ದೇಶದ ಅಗ್ರ ಪಂದ್ಯಾವಳಿಯಾಗಿದ್ದ ಐ-ಲೀಗ್‌ನಲ್ಲಿ 2010-11 ಮತ್ತು 2011-12ರಲ್ಲಿ ಆಡಿತಾದರೂ, ಸಂಬಳದ ಮೇಲೆ ವಿದೇಶಿ ಆಟಗಾರರನ್ನು ತರಿಸುತ್ತಿದ್ದ ಕ್ಲಬ್ಬುಗಳ ನಡುವೆ ನೌಕರರ ತಂಡ ನಿಲ್ಲಲಾಗದೆ ಕೆಳಗಿನ ದರ್ಜೆಗೆ ಇಳಿಯಿತು, ಮರುವರ್ಷ ಅಗ್ರ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ.

ಆ ಖಾಲಿ ಜಾಗಕ್ಕೆ ಬಂದದ್ದು ಬೆಂಗಳೂರು ಎಫ್‌ಸಿ. ಕೆಳದರ್ಜೆಯಿಂದ ಮೇಲೇರಿ ಬರುವ ಬದಲು ಹಣ ಹೂಡಬಲ್ಲ ಕಂಪನಿಗೆ ಅಗ್ರ ಲೀಗ್‌ನಲ್ಲಿ ನೇರವಾಗಿ ಜಾಗ ಕೊಡುವ ಏರ್ಪಾಡನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮಾಡಿತ್ತು, ಜೆಎಸ್‌ಡಬ್ಲ್ಯು ಅದನ್ನು ಪಡೆಯಿತು. ಈ ಸಮೂಹದ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿದೆ. ಹಾಗಾಗಿ ಮೂರನೆಯ ಘಟ್ಟದ ಹಿಂದೆಯೂ ಕಾರ್ಖಾನೆಯೇ ಇದೆಯೆನ್ನಬಹುದು, ಆದರೆ ಆಟಗಾರನ ಹೆಸರು ಅಲ್ಲಿನ ಹಾಜರಿ ಪುಸ್ತಕದಲ್ಲಿಲ್ಲ. ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರರಾಗಿ, ಸುನಿಲ್ ಛೆಟ್ರಿ ನಾಯಕರಾಗಿ, 2013ರ ಸೆಪ್ಟೆಂಬರ್ 22ರಂದು ಅಶೋಕನಗರದ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಜೊತೆ 1-1ರ ಸಮಬಲದಿಂದ ಶುರುವಾದ ಆಟವು, 2014ರ ಏಪ್ರಿಲ್ 21ರಂದು ಗೋವಾದ ಮಡಗಾಂವ್‌ನಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸುವುದರೊಂದಿಗೆ ಐ-ಲೀಗ್ ಪ್ರಶಸ್ತಿಯಲ್ಲಿ ಮುಗಿಯಿತು. ಕಾಲಿಟ್ಟ ವರ್ಷವೇ ಪ್ರಶಸ್ತಿ ಬಂದದ್ದಕ್ಕಿಂತ ಹೆಚ್ಚು ಕುತೂಹಲದ ಸಂಗತಿ ನೋಡುಗರದು: ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡುತ್ತಿದ್ದ ಅಭಿಮಾನಿಗಳು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡರು, ಕ್ಲಬ್ಬು ಕಂಠೀರವ ಕ್ರೀಡಾಂಗಣಕ್ಕೆ ಸ್ಥಳಾಂತರವಾದಾಗ ಆ ಹೆಸರನ್ನೂ ಜೊತೆಗೆ ಒಯ್ದರು.

ಕಂಠೀರವದಲ್ಲಿ ನಡೆದ ಪಂದ್ಯಗಳಲ್ಲಿ 2016ರ ಅಕ್ಟೋಬರ್ 19ರದ್ದನ್ನು ತುಸು ವಿವರವಾಗಿ ಹೇಳಬೇಕು. ಏಷ್ಯಾದ ಕ್ಲಬ್ಬುಗಳ ಎರಡನೇ ದರ್ಜೆಯ ಪಂದ್ಯಾವಳಿಯಾಗಿದ್ದ ಎಎಫ್‌ಸಿ ಕಪ್‌ನ ಸೆಮಿಫೈನಲ್‌ನಲ್ಲಿ ಎದುರಾಳಿ, ಹಿಂದಿನ ವರ್ಷದ ವಿಜೇತ ತಂಡವಾದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್. ಇಂಥ ಹಂತದಲ್ಲಿ ಪರಸ್ಪರರ ಊರಲ್ಲಿ ಒಂದೊಂದು ಪಂದ್ಯ ಆಡಿ ಎರಡರ ಗೋಲುಗಳನ್ನೂ ಕೂಡಿಸುತ್ತಾರೆ. ಅಲ್ಲಿ 1-1 ಆಗಿತ್ತು. ಇಲ್ಲಿ 11ನೇ ನಿಮಿಷಕ್ಕೇ ಜೊಹೊರ್ ಗೋಲು ಹೊಡೆದು ಮುಂದಾಯಿತು, ವಿರಾಮಕ್ಕೆ ಮುಂಚೆ ಛೆಟ್ರಿ ಸರಿಗಟ್ಟಿದರು, 67ನೇ ನಿಮಿಷದಲ್ಲಿ ಅವರೇ ಎರಡನೆಯದನ್ನು ಹೊಡೆದರು, ಸ್ಪೇನಿನ ಹುವಾನನ್ ಮೂರನೆಯದನ್ನು ಸೇರಿಸಿದರು. ಹೀಗೆ ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಎಎಫ್‌ಸಿ ಕಪ್ ಫೈನಲ್ ಮುಟ್ಟಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿನ ಎದುರು 1-0ರಿಂದ ಸೋತಿತು. 1938ರಲ್ಲಿ ಬೆಂಗಳೂರಿನವರ ಎದುರಾಳಿಗಳು ಪಲ್ಟನ್ನಿನವರಾಗಿದ್ದರು, ಈಗಲೂ ಸೇನೆಯ ತಂಡವೇ ಅಡ್ಡ ನಿಂತಿತು.

ಅನಂತರದ ಪ್ರಶಸ್ತಿಗಳು ಪಟ್ಟಿಗೆ ಸೇರುವಂಥವು. 2014ರಲ್ಲಿ ಆರಂಭವಾಗಿದ್ದ ಇಂಡಿಯನ್ ಸೂಪರ್ ಲೀಗ್‌ಗೆ ಕ್ಲಬ್ಬು 2017ರಲ್ಲಿ ಸೇರಿ, 2019ರ ಮಾರ್ಚ್ 17ರಂದು ಗೋವಾ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 1-0ರಿಂದ ಸೋಲಿಸಿ ಅದನ್ನು ಗೆದ್ದಿತು. 2022ರಲ್ಲಿ ಡ್ಯುರಾಂಡ್ ಕಪ್ ಬಂದಿತು. ಆದರೆ ಈ ತಂಡಗಳ ಪಟ್ಟಿಯಲ್ಲಿ ಮಿಜೋರಾಂ, ಮಣಿಪುರ, ಕೇರಳ, ಪಂಜಾಬಿನವರ ಹೆಸರುಗಳು ಕಾಣುವಷ್ಟು ಬೆಂಗಳೂರಿನವರ ಹೆಸರುಗಳು ಕಾಣುವುದಿಲ್ಲ. ಪೆಲೆಯ ಪ್ರತಿಮೆಯನ್ನು ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ನಿಲ್ಲಿಸಿಕೊಂಡಿರುವ ಗೌತಮಪುರಕ್ಕೂ ನಗರದ ಹೆಸರು ಹೊತ್ತ ಕ್ಲಬ್ಬಿಗೂ ನಡುವೆ ಹಿಂದಿನ ಕಾರ್ಖಾನೆ ತಂಡಗಳ ಕಾಲದ ನಂಟು ಇನ್ನೂ ಬೆಳೆದಿಲ್ಲ. ವೃತ್ತಿಪರ ಕ್ಲಬ್ಬು ಎಲ್ಲಿಯ ಆಟಗಾರನನ್ನಾದರೂ ಕೊಳ್ಳಬಲ್ಲದಾದ್ದರಿಂದ ಪಕ್ಕದ ಬೀದಿಯ ಮೇಲೆ ಅದು ಅವಲಂಬಿಸಬೇಕಾಗಿಲ್ಲ. ಇದನ್ನು ಕ್ಲಬ್ಬಿನ ದೋಷವೆನ್ನುವುದಕ್ಕಿಂತ ಪದ್ಧತಿಯ ಗುಣವೆನ್ನುವುದು ಹೆಚ್ಚು ಸರಿ. ಕರ್ನಾಟಕ ತಂಡವು ಸಂತೋಷ್ ಟ್ರೋಫಿಯನ್ನು 54 ವರ್ಷಗಳ ನಂತರ, 2023ರ ಮಾರ್ಚ್ 4ರಂದು, ದೂರದ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮರಳಿ ಪಡೆಯಿತು.

ಕಂಪನಿಯ ಕ್ಲಬ್ಬು ಲೀಗ್ ಎಂಬ ವ್ಯಾಪಾರ ವ್ಯವಸ್ಥೆ ನಡೆದರೆ ಮಾತ್ರ ನಡೆಯುತ್ತದೆ. ಫೆಡರೇಷನ್ನಿಗೂ ಸೂಪರ್ ಲೀಗ್ ನಡೆಸುತ್ತಿದ್ದ ಸಂಸ್ಥೆಗೂ ನಡುವಿನ ಹಕ್ಕುಗಳ ಒಪ್ಪಂದ 2025ರ ಡಿಸೆಂಬರಿನಲ್ಲಿ ಮುಗಿಯಲಿದ್ದು, ಅದರ ನವೀಕರಣ ಇತ್ಯರ್ಥವಾಗದೆ ಮುಂದಿನ ಋತುವೇ ಅನಿಶ್ಚಿತವಾದಾಗ, ಬೆಂಗಳೂರು ಎಫ್‌ಸಿ ಆ ವರ್ಷದ ಆಗಸ್ಟಿನಲ್ಲಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಕಾರ್ಖಾನೆಯ ನೌಕರಿಯಲ್ಲಿದ್ದ ಹಳೆಯ ಆಟಗಾರನಿಗೆ ಪಂದ್ಯಾವಳಿ ನಿಂತರೆ ಸಂಬಳ ನಿಲ್ಲುವ ಭಯವಿರಲಿಲ್ಲ. ಕಿರಿಯರ ತಂಡಗಳಿಗೂ ಮಕ್ಕಳ ತರಬೇತಿ ಶಾಲೆಗಳಿಗೂ ಈ ತಡೆ ಅನ್ವಯಿಸದೆಂದು ಕ್ಲಬ್ಬು ಅದೇ ಪ್ರಕಟಣೆಯಲ್ಲಿ ಹೇಳಿತ್ತು.