ಪ್ರಿಸನ್ ಶಿಪ್ ಮಾರ್ಟರ್ಸ್ ಮಾನ್ಯುಮೆಂಟ್ 2.0

ಪ್ರಿಸನ್ ಶಿಪ್ ಮಾರ್ಟರ್ಸ್ ಮಾನ್ಯುಮೆಂಟ್ 2.0 ಎಂಬುದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಫೋರ್ಟ್ ಗ್ರೀನ್ ಉದ್ಯಾನವನದಲ್ಲಿ 2015ರ ಏಪ್ರಿಲ್ 6ರಂದು ಬೆಳಗಾಗುವ ಮುನ್ನ ಅನಾಮಧೇಯ ಕಲಾವಿದರು ನಿಲ್ಲಿಸಿದ ಎಡ್ವರ್ಡ್ ಸ್ನೋಡೆನ್ ಅವರ ಎದೆಮಟ್ಟದ ಪ್ರತಿಮೆ. ಸಾರ್ವಜನಿಕ ಸ್ಥಳಗಳಲ್ಲಿ ಹೀಗೆ ಅನುಮತಿ ಪಡೆಯದೆ ರಾತ್ರೋರಾತ್ರಿ ಸ್ಥಾಪಿಸುವ ಕೃತಿಗಳಿಗೆ ‘ಗೆರಿಲ್ಲಾ ಕಲೆ’ ಎಂಬ ಹೆಸರಿದೆ.

ಹಿನ್ನೆಲೆ

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಬ್ರಿಟಿಷರು ಸೆರೆಯಾಳುಗಳನ್ನು ವಾಲಬೌಟ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಹಡಗುಗಳಲ್ಲಿ ಕೂಡಿಹಾಕಿದ್ದರು. ಹಸಿವು, ರೋಗ, ಹೊಲಸುಗಳಿಂದ ಸುಮಾರು 11,500 ಮಂದಿ ಸತ್ತರೆಂದು ಹೇಳಲಾಗುತ್ತದೆ. ಅವರಲ್ಲಿ ಕೆಲವರ ಅಸ್ಥಿಗಳನ್ನು ಈ ಉದ್ಯಾನವನದ ನೆಲಮಾಳಿಗೆಯಲ್ಲಿ ಇರಿಸಲಾಗಿದ್ದು, ಮೇಲೆ 149 ಅಡಿ ಎತ್ತರದ ಸ್ತಂಭವಿದೆ. ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ವಿನ್ಯಾಸಗೊಳಿಸಿದ ಈ ಸ್ಮಾರಕ 1908ರಲ್ಲಿ ಉದ್ಘಾಟನೆಯಾಯಿತು.

ಸ್ನೋಡೆನ್ ಅವರು 2013ರಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಸಾಮೂಹಿಕ ಕಣ್ಗಾವಲಿನ ರಹಸ್ಯ ದಾಖಲೆಗಳನ್ನು ಪತ್ರಕರ್ತರಿಗೆ ಒಪ್ಪಿಸಿದವರು. ಅವರನ್ನು ಕೆಲವರು ವೀರನೆಂದರೆ ಕೆಲವರು ದ್ರೋಹಿಯೆನ್ನುತ್ತಾರೆ. ಹುತಾತ್ಮರ ಸ್ಮಾರಕವನ್ನೇ ಆರಿಸಿಕೊಂಡದ್ದರಿಂದ ಕಲಾವಿದರು ಈ ವಿವಾದದಲ್ಲಿ ತಮ್ಮ ಪಕ್ಷವನ್ನು ಮುಚ್ಚಿಡಲಿಲ್ಲ. ಹೆಸರನ್ನು ಮಾತ್ರ ಮುಚ್ಚಿಟ್ಟರು.

ಸ್ಥಾಪನೆ ಮತ್ತು ತೆರವು

ಸುಮಾರು 4 ಅಡಿ ಎತ್ತರದ, 45 ಕಿಲೋಗ್ರಾಂನಷ್ಟು ತೂಕದ ಪ್ರತಿಮೆಗೆ ಕಂಚಿನ ಬಣ್ಣ ಕೊಡಲಾಗಿತ್ತು. ಹಳೆಯ ಸ್ಮಾರಕದ ಶೈಲಿಗೆ ಅದು ಎಷ್ಟು ಹೊಂದಿಕೊಂಡಿತ್ತೆಂದರೆ, ಅಪರಿಚಿತರಿಗೆ ಅದು ಮೊದಲಿನಿಂದಲೂ ಅಲ್ಲೇ ಇದ್ದಂತೆ ತೋರುವಂತಿತ್ತು. ಕಾರ್ಮಿಕರ ಉಡುಪು ತೊಟ್ಟು ಬಂದ ತಂಡವು ಸ್ಮಾರಕದ ಅಂಚಿನ ಕಂಬವೊಂದರ ಮೇಲೆ ಅದನ್ನು ಅಂಟಿಸಿ, ಕೆಳಗೆ ‘ಸ್ನೋಡೆನ್’ ಎಂಬ ಅಕ್ಷರಗಳನ್ನು ಜೋಡಿಸಿತು. ಕಂಬಕ್ಕೆ ಹಾನಿಯಾಗದಂತೆ ಕಳಚಲು ಬರುವ ಹಾಗೆ ಅಂಟಿಸಲಾಗಿದೆ ಎಂಬುದು ಅವರ ಹೇಳಿಕೆಯಾಗಿತ್ತು.

ಉದ್ಯಾನವನ ಇಲಾಖೆಯವರು ಅದೇ ದಿನ ಪ್ರತಿಮೆಗೆ ಟಾರ್ಪಾಲು ಹೊದಿಸಿ, ಬಳಿಕ ಕೆಳಗಿಳಿಸಿದರು. ನಗರದ ಉದ್ಯಾನಗಳಲ್ಲಿ ಅನುಮತಿಯಿಲ್ಲದ ಕಲಾಕೃತಿ ನಿಲ್ಲಿಸುವುದು ಕಾನೂನುಬಾಹಿರ. ಪ್ರತಿಮೆ ಪೊಲೀಸರ ವಶಕ್ಕೆ ಹೋಯಿತು. ಮರುರಾತ್ರಿ ‘ದಿ ಇಲ್ಯುಮಿನೇಟರ್’ ಎಂಬ ಮತ್ತೊಂದು ಕಲಾವಿದರ ತಂಡ, ಬರಿದಾದ ಕಂಬದ ಮೇಲೆ ಹೊಗೆಯೆಬ್ಬಿಸಿ, ಅದರ ಮೇಲೆ ಬೆಳಕಿನಿಂದ ಸ್ನೋಡೆನ್ ಅವರ ಆಕೃತಿಯನ್ನು ಮೂಡಿಸಿತು. ಬೆಳಕನ್ನು ಜಪ್ತಿ ಮಾಡುವುದು ಸುಲಭವಲ್ಲ.

ನಂತರದ ಬೆಳವಣಿಗೆ

2015ರ ಮೇ ತಿಂಗಳಲ್ಲಿ ವಕೀಲರ ಮೂಲಕ ಪ್ರತಿಮೆ ಕಲಾವಿದರಿಗೆ ಮರಳಿತು. ಮುಚ್ಚಿದ ವೇಳೆಯಲ್ಲಿ ಉದ್ಯಾನದೊಳಗಿದ್ದ ತಪ್ಪಿಗೆ 50 ಡಾಲರ್ ದಂಡ ಬಿದ್ದಿತು. ಕೃತಿಯ ಹಿಂದಿದ್ದವರು ಆಂಡ್ರ್ಯೂ ಟೈಡರ್ ಮತ್ತು ಜೆಫ್ ಗ್ರೀನ್‌ಸ್ಪಾನ್ ಎಂಬುದು ತರುವಾಯ ತಿಳಿಯಿತು. ಪ್ರತಿಮೆಯನ್ನು ರೂಪಿಸಿದ ಶಿಲ್ಪಿ ಡಾಯ್ಲ್ ಟ್ರಾಂಕಿನಾ. ಉದ್ಯಾನದಲ್ಲಿ ಒಂದು ದಿನವೂ ಪೂರ್ತಿ ನಿಲ್ಲದ ಪ್ರತಿಮೆಯನ್ನು ಮುಂದೆ ಬ್ರೂಕ್ಲಿನ್ ವಸ್ತುಸಂಗ್ರಹಾಲಯವೇ ಪ್ರದರ್ಶಿಸಿತು.