ಅಂಗಿ ತಗೊಳ್ಳೂ ಮುಂಚೆ ಒಳಗಿನ ಪಟ್ಟಿ ಓದ್ರಿ

ನಾ ನಿರ್ಣಾದವ. ಹೋದ ಬ್ಯಾಸಗ್ಯಾಗ ಮದುವಿಗಂತ ಹುಮನಾಬಾದಿಗಿ ಹೋಗಿ ಒಂದು ಮಿಂಚೂ ಅಂಗಿ ತಂದೆ. ಪೂರಾ ಪಾಲಿಯೆಸ್ಟರ್! ನಮ್ಮ ಬೀದರ್ ಜಿಲ್ಲಾದಾಗ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟ್ತದ. ಅಕ್ಷತಿ ಬೀಳೂದ್ರಾಗ ಅಂಗಿ ಬೆನ್ನಿಗಿ ಅಂಟಿತ್ತು. ಪಾಲಿಯೆಸ್ಟರ್ ಬೆವರು ಹೀರಂಗಿಲ್ಲ, ಹತ್ತಿ ಹೀರ್ತದ. ನಮ್ಮಜ್ಜ ಬಿಳಿ ಧೋತರ, ಬಿಳಿ ಅಂಗಿ ಯಾಕ ಬಿಡಲಿಲ್ಲ ಅಂತ ಅವತ್ತು ತಿಳೀತು.

ಈಗ ನಾ ಹತ್ತಿ ಬಟ್ಟಿ ತಂದು ಹೊಲಿಸ್ತೀನಿ. 58 ಇಂಚು ಪನ್ನಾ ಇದ್ರ ತುಂಬು ತೋಳಿನ ಅಂಗಿಗಿ ಸುಮಾರು 1.6 ಮೀಟರ್ ಸಾಕು. 36 ಇಂಚಿಂದಾದ್ರ ಎರಡೂಕಾಲು ಮೀಟರ್ ಬೇಕು. ಟೇಲರ್ ಕೈಗಿ ಕೊಡೂಕಿಂತ ಮೊದ್ಲು ಒಂದು ರಾತ್ರಿ ನೀರಾಗ ನೆನೆಸ್ರಿ. ಇಲ್ಲಂದ್ರ ಮೊದಲ ಒಗೆತಕ್ಕೇ ಕುಗ್ತದ, ಆಮ್ಯಾಲ ತಮ್ಮಗ ಕೊಡ್ಬೇಕಾಗ್ತದ.

ರೆಡಿಮೇಡೇ ಬೇಕಾ? ಭುಜದ ಹೊಲಿಗಿ ಎಲುಬಿನ ತುದೀಗೇ ಕೂಡ್ಬೇಕು. ಉದ್ದ, ಸೊಂಟ ಟೇಲರ್ ಸರಿ ಮಾಡ್ತಾನ. ಭುಜ ಬಿಚ್ಚಿ ಹೊಲಿಸೂದು ರೊಕ್ಕ ದಂಡ. ಇನ್ನೊಂದು ಮಾತು, 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿತನಕದ ಅಂಗಿಗಿ ಜಿಎಸ್‌ಟಿ ಶೇಕಡಾ 5 ಅಷ್ಟೇ. ಬಿಲ್ ಕೇಳಿ ತಗೋರಿ.

ಹಾಂ, ಆ ಮಿಂಚೂ ಅಂಗಿ? ಚಳಿಗಾಲಕ್ಕಂತ ಟ್ರಂಕಿನ್ಯಾಗ ಇಟ್ಟೀನಿ.